ಅರಿಯುವುದು ಮತ್ತು ಅರುಹುವುದು

ಅರಿಯುವುದು ಬೇರೆ, ಅರುಹುವುದು ಬೇರೆ. ಪರರ ಗುಟ್ಟನ್ನು ಬಲ್ಲವನೆಂಬ ಮಾತ್ರಕ್ಕೆ ಯಾರೂ ದೋಷಿಯಾಗುವುದಿಲ್ಲ. ಅದನ್ನು ಯಾರಿಗೆ, ಯಾವಾಗ, ಏತಕ್ಕಾಗಿ ಹೇಳಿದನೆಂಬುದರಿಂದಲೇ ಅವನ ಯೋಗ್ಯತೆಯು ನಿರ್ಣಯವಾಗುವುದು. ಈ ವಿವೇಕವು ಮನುಷ್ಯರಿಗೆ ಮಾತ್ರ ಸಲ್ಲತಕ್ಕದ್ದೋ, ಮನುಷ್ಯನು ಕೈಯಾರೆ ಕಟ್ಟುವ ಯಂತ್ರಕ್ಕೂ ಸಲ್ಲತಕ್ಕದ್ದೋ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ವಿದ್ಯುದ್ವಿದ್ಯೆಯಲ್ಲಿ ಪರಿಶ್ರಮವುಳ್ಳ ತರುಣನೊಬ್ಬನು ಇಂದು ಮನೆಯ ಮೇಜಿನ ಮೇಲೆಯೇ ಒಂದು ವಿಚಿತ್ರವಾದ ಬೋರ್ಡನ್ನು ರಚಿಸಬಲ್ಲನು. ಬೆಂಕಿಪೊಟ್ಟಣದಷ್ಟೇ ಇರಬಹುದಾದ ಆ ಫಲಕಕ್ಕೆ ಮುಖ್ಯವಾದ ಅಂಗಗಳು ಮೂರು. ಜಿ.ಪಿ.ಎಸ್. ಗ್ರಾಹಕವು ತಾನಿರುವ ಸ್ಥಳವನ್ನು ಗೊತ್ತುಮಾಡುವುದು; ಸೆಲ್ಯುಲಾರ್ ಮೋಡೆಮ್ ಆ ವಾರ್ತೆಯನ್ನು ಮೊಬೈಲ್ ಗೋಪುರದ ಮೂಲಕ ದೂರಕ್ಕೆ ಕಳುಹಿಸುವುದು; ಇವೆರಡರ ನಡುವೆ ಮೈಕ್ರೋಕಂಟ್ರೋಲರ್ ಕುಳಿತು, ಏನನ್ನು ಯಾವಾಗ ಹೇಳಬೇಕೆಂದು ಅಪ್ಪಣೆ ಕೊಡುವುದು.

ಆಕಾಶದಿಂದ ಉಪಗ್ರಹಗಳು ನಮ್ಮನ್ನು ನೋಡುತ್ತಿರುವುವೆಂದು ಅನೇಕರು ಭಾವಿಸಿರುವರು. ಜಿ.ಪಿ.ಎಸ್. ವಿಷಯದಲ್ಲಿ ಅದು ಸರಿಯಲ್ಲ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ತಿರುಗುವ ಆ ಉಪಗ್ರಹಗಳು ತಮ್ಮ ವೇಳೆಯನ್ನೂ ನೆಲೆಯನ್ನೂ ಎಲ್ಲರಿಗೂ ಸಮನಾಗಿ ಸಾರುತ್ತಿರುವುವು; ಕೇಳುವವರು ಯಾರೆಂಬುದು ಅವಕ್ಕೆ ತಿಳಿಯದು. ನಾಲ್ಕು ಉಪಗ್ರಹಗಳ ನುಡಿಯು ಕಿವಿಗೆ ಬಿದ್ದರೆ, ಗ್ರಾಹಕವು ತನ್ನ ಸ್ಥಳವನ್ನು ತಾನೇ ಲೆಕ್ಕಹಾಕಿಕೊಳ್ಳುವುದು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಗಳು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನಾರಂಭಿಸಿದಾಗ, ರೇಡಿಯೋ ಪೆಟ್ಟಿಗೆಯು ಅವರ ಮಾತನ್ನು ಕೇಳಿಸುತ್ತಿತ್ತೇ ಹೊರತು ಕೇಳುವವರ ಮನೆಯ ಮಾತನ್ನು ಅವರಿಗೊಪ್ಪಿಸುತ್ತಿರಲಿಲ್ಲ. ಗ್ರಾಹಕವೂ ಅಂತಹುದೇ. ಅದು ಕೇಳುವ ಯಂತ್ರ. ಹೇಳುವ ಯಂತ್ರವಾದರೋ ಮೋಡೆಮ್. ಎರಡನ್ನೂ ಒಂದೇ ಬೋರ್ಡಿನಲ್ಲಿ ಬೆಸೆದ ಕ್ಷಣದಲ್ಲಿ ಧರ್ಮಾಧರ್ಮದ ಪ್ರಶ್ನೆಯು ಹುಟ್ಟುವುದು.

ಈ ಬೆಸುಗೆಯು ಯಂತ್ರಶಿಲ್ಪಿಗೂ ಸುಲಭವಾದುದಲ್ಲ. ಉಪಗ್ರಹದ ದನಿಯು ನೆಲವನ್ನು ಮುಟ್ಟುವ ವೇಳೆಗೆ ಗದ್ದಲದಲ್ಲಿ ಮುಳುಗಿಹೋಗುವಷ್ಟು ಕ್ಷೀಣವಾಗಿರುವುದು. ಪಕ್ಕದ ಮೋಡೆಮೋ ಮಹಾವಾಚಾಳಿ. ಎರಡನೆಯ ತಲೆಮಾರಿನ ಮೋಡೆಮು ಮಾತಾಡುವಾಗ ಅರೆಕ್ಷಣಕ್ಕೆ 2 ಆಂಪಿಯರಿನವರೆಗೆ ವಿದ್ಯುತ್ತನ್ನು ಸೆಳೆದುಕೊಳ್ಳುವುದು. ಅದರ ಬಳಿಯಲ್ಲಿ ದೊಡ್ಡ ಕೆಪಾಸಿಟರನ್ನಿಡದಿದ್ದರೆ ವೋಲ್ಟೇಜು ಕುಸಿದು ಮೈಕ್ರೋಕಂಟ್ರೋಲರ್ ಎಲ್ಲವನ್ನೂ ಮರೆತು ಮೊದಲಿನಿಂದ ಆರಂಭಿಸುವುದು. ಆದಕಾರಣ ಎರಡು ಆಂಟೆನಾಗಳನ್ನೂ ದೂರವಿರಿಸಿ, ತಾಮ್ರದ ಗೆರೆಗಳನ್ನು ಅಳೆದು ಎಳೆಯಬೇಕು. ಇಷ್ಟು ಎಚ್ಚರದಿಂದ ಕಟ್ಟಬಲ್ಲವನು ಇನ್ನೊಂದು ಎಚ್ಚರವನ್ನೇಕೆ ಮರೆಯಬೇಕು?

ಮೈಸೂರಿಗೆ ಈ ಯಂತ್ರವು ಹೊಸದಲ್ಲ. 2012ರಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ವಿಶ್ವಬ್ಯಾಂಕಿನ ನೆರವಿನಿಂದ ನಗರದ ಸುಮಾರು 500 ಬಸ್ಸುಗಳಿಗೆ ಇಂತಹ ಸಾಧನಗಳನ್ನಳವಡಿಸಿ, ಬಸ್ಸು ಎಷ್ಟು ಹೊತ್ತಿಗೆ ಬರುವುದೆಂಬುದನ್ನು ನಿಲ್ದಾಣದ ಫಲಕದಲ್ಲಿ ತೋರಿಸುವ ಏರ್ಪಾಡನ್ನು ಮಾಡಿತು. ಇಲ್ಲಿ ಆಕ್ಷೇಪಣೆಗೆ ಎಡೆಯಿಲ್ಲ. ಬಸ್ಸು ಸಾರ್ವಜನಿಕರದು, ಅದರ ದಾರಿಯು ಮೊದಲೇ ಗೊತ್ತಾದುದು, ವಾರ್ತೆಯು ಸೇರುತ್ತಿದ್ದುದು ಬಿಸಿಲಿನಲ್ಲಿ ಕಾದುನಿಂತವರಿಗೆ.

ಆದರೆ ಅದೇ ಬೋರ್ಡನ್ನು ಬಸ್ಸಿನಿಂದ ತೆಗೆದು ಮನುಷ್ಯನ ಜೇಬಿನಲ್ಲಿಟ್ಟರೆ ಏನಾಗುವುದು? ಒಂದು ಸಂಸಾರವನ್ನು ಭಾವಿಸೋಣ. ತಂದೆಗೆ ಎಪ್ಪತ್ತೆಂಟು ವರ್ಷ. ಮರೆವು ಮೆಲ್ಲಗೆ ಆವರಿಸುತ್ತಿದೆ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದುಬರುವುದು ಅವರ ಬಹುಕಾಲದ ವಾಡಿಕೆ. ಒಂದು ದಿನ ಕತ್ತಲಾದರೂ ಬರಲಿಲ್ಲ. ಮನೆಯವರ ಭೀತಿಯನ್ನು ಯಾರು ಹಳಿಯಬಲ್ಲರು? ಮರುದಿನ ಮಗನು ಬೋರ್ಡೊಂದನ್ನು ಕಟ್ಟಿ, ಹೇಳದೆಯೇ ತಂದೆಯ ಕೋಟಿನ ಒಳಪದರದಲ್ಲಿ ಹೊಲಿಸಲೆಳಸುವನು. ಪ್ರೀತಿಯಿಂದ ಮಾಡಿದುದಾದ್ದರಿಂದ ಇದು ಸಾಧುವೆನ್ನಬಹುದೇ?

ಕೂಡದೆಂಬುದೇ ನನ್ನ ಅಭಿಪ್ರಾಯ. ತಂದೆಯು ಕಳೆದುಹೋದ ವಸ್ತುವಲ್ಲ. ತಾನು ಎಲ್ಲಿಗೆ ಹೋದೆನೆಂಬುದನ್ನು ಹೇಳುವ, ಹೇಳದಿರುವ ಸ್ವಾತಂತ್ರ್ಯವು ಮನುಷ್ಯನ ಮರ್ಯಾದೆಯ ಒಂದು ಭಾಗ. ಮಹಾರಾಜಾ ಕಾಲೇಜಿನಲ್ಲಿಯೇ ಓದಿದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ವ್ಯಾಜ್ಯದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಸರಕಾರದ ಮುಂದೆ ಕೇಳಿದ ಹಕ್ಕನ್ನು ವೃದ್ಧರು ತಮ್ಮ ಮನೆಯ ಹೊಸ್ತಿಲಿನೊಳಗೆ ಕಳೆದುಕೊಳ್ಳಬೇಕೆಂಬುದು ನ್ಯಾಯವಲ್ಲ.

ಹಾಗಾದರೆ ತಂದೆಯನ್ನು ಕತ್ತಲೆಯಲ್ಲಿ ಅಲೆಯಲು ಬಿಡಬೇಕೇ? ಅದೂ ಸಲ್ಲದು. ಬೋರ್ಡನ್ನು ಸ್ವತಃ ರಚಿಸುವವನಿಗೆ ಮಧ್ಯಮಮಾರ್ಗವೊಂದುಂಟು. ಪರಿಚಿತವಾದ ಬೀದಿಗಳ ಎಲ್ಲೆಯನ್ನು ಮೈಕ್ರೋಕಂಟ್ರೋಲರಿಗೆ ಕಲಿಸಬಹುದು. ತಂದೆಯು ಆ ಎಲ್ಲೆಯೊಳಗೆ ಹಗಲಿನಲ್ಲಿ ಓಡಾಡುತ್ತಿರುವಷ್ಟು ಕಾಲ ಯಂತ್ರವು ಅರಿತಿರಲಿ, ಅರುಹದಿರಲಿ. ಎಲ್ಲೆ ಮೀರಿದಾಗ, ಇಲ್ಲವೆ ಕತ್ತಲಾದರೂ ಮನೆ ಸೇರದಿದ್ದಾಗ ಮಾತ್ರ ಅದು ಒಬ್ಬಿಬ್ಬರಿಗೆ ಸುದ್ದಿ ಕೊಡಲಿ. ಅವರು ಮರಳಿದ ಮೇಲೆ ಆ ಸುದ್ದಿಯನ್ನಳಿಸಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಲಾಗದು. ಮೋಡೆಮು ಸುದ್ದಿಯನ್ನು ಕಳುಹಿಸದಿದ್ದರೂ ಎಚ್ಚರವಾಗಿದ್ದ ಮಾತ್ರಕ್ಕೆ ಯಾವ ಗೋಪುರದ ಬಳಿಯಲ್ಲಿದೆಯೆಂಬುದು ಮೊಬೈಲ್ ಕಂಪನಿಗೆ ತಿಳಿಯುತ್ತಲೇ ಇರುವುದು. ಆದುದರಿಂದ ಮೌನವೆಂಬುದು ಪ್ರೋಗ್ರಾಮಿನ ಒಂದು ವಾಕ್ಯವಾದರೆ ಸಾಲದು. ಮೋಡೆಮಿಗೆ ವಿದ್ಯುತ್ತು ಹರಿಯುವ ದಾರಿಯನ್ನೇ ಕಡಿಯುವ ಸ್ವಿಚ್ಚಾಗಬೇಕು. ಅಂಗಡಿಯಿಂದ ತಂದ ಮುಚ್ಚಿದ ಪೆಟ್ಟಿಗೆಯಲ್ಲಿ ಅಂತಹ ಸ್ವಿಚ್ಚು ಇದೆಯೇ ಎಂಬುದನ್ನು ಕೊಂಡವನು ಕಾಣಲಾರನು. ಸ್ವಂತವಾಗಿ ಕಟ್ಟುವ ಶ್ರಮಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆಯು ನನಗೆ ತೋರದು.

ಇನ್ನು ಉಳಿದುದು ಯಂತ್ರದಿಂದಾಗದ ಕೆಲಸ. ತಂದೆಗೆ ತಿಳಿವಳಿಕೆಯು ನೆಟ್ಟಗಿರುವಾಗಲೇ ಬೋರ್ಡನ್ನು ಅವರ ಅಂಗೈಯಲ್ಲಿಟ್ಟು, ಅದೇನೆಂದು ವಿವರಿಸಿ, ಸಮ್ಮತಿಯನ್ನು ಕೇಳಬೇಕು. ಒಲ್ಲೆನೆಂದರೆ ಸಂಜೆ ಅವರೊಡನೆ ಕೆರೆಯ ಏರಿಯ ಮೇಲೆ ನಡೆಯಲು ಯಾರಾದರೂ ಮನೆಯಿಂದ ಹೊರಡಬೇಕು. ಆ ಬಿಡುವು ನಮಗಿಲ್ಲವೆಂಬುದರಿಂದಲೇ ಯಂತ್ರವನ್ನು ಕಟ್ಟಲು ಹೊರಟೆವೇ ಎಂಬುದನ್ನು ಬೆಸುಗೆಯ ಕಡ್ಡಿಯನ್ನು ಕಾಯಿಸುವ ಮುನ್ನವೇ ನಾವು ವಿಚಾರಿಸಿಕೊಳ್ಳುವುದು ಒಳ್ಳೆಯದು.