ತೀರ್ಪು ತೀರಿಸುವುದು ಏನನ್ನು?

2012ರ ಏಪ್ರಿಲ್ 16ರ ಬೆಳಿಗ್ಗೆ ಓಸ್ಲೋ ನಗರದ ನ್ಯಾಯಾಲಯದಲ್ಲಿ ನಡೆದ ಒಂದು ಸಣ್ಣ ಸಂಗತಿ ಬಹಳ ದಿನ ನನ್ನನ್ನು ಕಾಡಿದೆ. ಆಂಡರ್ಸ್ ಬೆಹ್ರಿಂಗ್ ಬ್ರೈವಿಕ್‌ನನ್ನು ಪೊಲೀಸರು ಒಳಗೆ ಕರೆತಂದರು. ಕೈಕೋಳ ಬಿಚ್ಚಿದ ಮೇಲೆ ಅವನು ಮುಷ್ಟಿ ಬಿಗಿದು ತೋಳು ಚಾಚಿ ತನ್ನದೇ ರೀತಿಯ ವಂದನೆ ಮಾಡಿದ. ಆಮೇಲೆ ಸರ್ಕಾರಿ ವಕೀಲರು ಅವನ ಕೈಕುಲುಕಿದರು. ಹಿಂದಿನ ವರ್ಷದ ಜುಲೈ 22ರಂದು ಓಸ್ಲೋದ ಸರ್ಕಾರಿ ಕಚೇರಿಗಳ ಬಳಿ ಬಾಂಬಿಟ್ಟು ಎಂಟು ಜನರನ್ನು ಕೊಂದವನು ಅವನು. ಅಲ್ಲಿಂದ ಪೊಲೀಸ್ ವೇಷದಲ್ಲಿ ಉತೋಯ ದ್ವೀಪಕ್ಕೆ ಹೋಗಿ, ಲೇಬರ್ ಪಕ್ಷದ ಯುವ ಘಟಕದ ಬೇಸಿಗೆ ಶಿಬಿರದಲ್ಲಿದ್ದ 69 ಜನರ ಸಾವಿಗೆ ಕಾರಣನಾದವನು. ಸತ್ತವರಲ್ಲಿ ಬಹುಪಾಲು ಹದಿಹರೆಯದವರು. ಆ ಕೈಯನ್ನು ಮುಟ್ಟಲು ಮನಸ್ಸಾದರೂ ಹೇಗೆ ಬಂತು ಎಂದು ಸಿಟ್ಟು ಬಂದಿತ್ತು ನನಗೆ.

ಅದೇ ವರ್ಷ ಆಗಸ್ಟ್ 24ರಂದು ತೀರ್ಪು ಬಂತು: 21 ವರ್ಷ. ನಾನು ಭಾಗಾಕಾರ ಮಾಡಿ ನೋಡಿದೆ. 21 ವರ್ಷದ ದಿನಗಳನ್ನು 77 ಜೀವಗಳಿಗೆ ಹಂಚಿದರೆ ಒಂದು ಜೀವಕ್ಕೆ ಸುಮಾರು ನೂರು ದಿನ. ಕಾಲೇಜಿನ ಒಂದು ಸೆಮಿಸ್ಟರ್‌ನಷ್ಟೂ ಇಲ್ಲ. ಇದು ನ್ಯಾಯವೇ?

ಈ ಲೆಕ್ಕ ಅರ್ಧ ಸತ್ಯ ಎಂಬುದು ಆಮೇಲೆ ತಿಳಿಯಿತು. ಅವನಿಗೆ ಸಿಕ್ಕಿದ್ದು ಸಾಮಾನ್ಯ ಸೆರೆವಾಸವಲ್ಲ, ನಾರ್ವೆಯವರು 'ಫೊರ್ವಾರಿಂಗ್' ಎನ್ನುವ ಒಂದು ಬಗೆಯ ಬಂಧನ. 21 ವರ್ಷ ಮುಗಿದ ಮೇಲೂ ಅವನು ಸಮಾಜಕ್ಕೆ ಅಪಾಯಕಾರಿ ಎಂದು ನ್ಯಾಯಾಲಯಕ್ಕೆ ಅನ್ನಿಸಿದರೆ ಐದೈದು ವರ್ಷ ಮುಂದುವರಿಸುತ್ತಾ ಹೋಗಬಹುದು, ಸಾಯುವವರೆಗೂ. ಕನಿಷ್ಠ ಅವಧಿಯಾದ ಹತ್ತು ವರ್ಷ ಕಳೆದು 2022ರ ಜನವರಿಯಲ್ಲಿ ಅವನು ಬಿಡುಗಡೆ ಕೇಳಿದ. ವಿಚಾರಣೆಗೆ ಬಂದವನು ಮತ್ತೆ ನಾಜಿ ವಂದನೆ ಮಾಡಿದ. ಅರ್ಜಿ ವಜಾ ಆಯಿತು. ಹಾಗಾಗಿ ನನ್ನ ಭಾಗಾಕಾರಕ್ಕೆ ಕಾನೂನಿನಲ್ಲಿ ಉತ್ತರವಿದೆ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 21ರ ಬದಲು 210 ವರ್ಷ ಕೊಟ್ಟಿದ್ದರೆ ಲೆಕ್ಕ ಸರಿಹೋಗುತ್ತಿತ್ತೇ?

ನಮ್ಮ ಭಾಷೆಯಲ್ಲಿ ಸಾಲ ತೀರಿಸುತ್ತೇವೆ, ಋಣ ತೀರಿಸುತ್ತೇವೆ, ಸೇಡು ತೀರಿಸಿಕೊಳ್ಳುತ್ತೇವೆ. ಸತ್ತವರನ್ನು ತೀರಿಹೋದರು ಎನ್ನುತ್ತೇವೆ. ನ್ಯಾಯಾಧೀಶರು ಕೊಡುವುದು ತೀರ್ಪು. ಅದು ಬಂದ ಮೇಲೆ ಏನೋ ಒಂದು ತೀರಬೇಕು, ಬಾಕಿ ಉಳಿಯಬಾರದು ಎಂಬ ನಿರೀಕ್ಷೆ ಆ ಮಾತಿನಲ್ಲೇ ಇದೆ. ಕಳ್ಳತನದಲ್ಲಿ, ಜಮೀನಿನ ವ್ಯಾಜ್ಯದಲ್ಲಿ ಒಂದಿಷ್ಟಾದರೂ ತೀರುತ್ತದೆ. ಅಪರಿಚಿತರನ್ನು ಸಾಲುಸಾಲಾಗಿ ಕೊಂದವನ ಮುಂದೆ ನ್ಯಾಯಾಲಯ ಏನನ್ನು ತೀರಿಸಬಲ್ಲದು? ಇದಕ್ಕೆ ಯುರೋಪಿನ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ, ಮತ್ತು ಯಾವುದೂ ಪೂರ್ತಿ ಸಮಾಧಾನದ ಉತ್ತರವಲ್ಲ.

ಓಸ್ಲೋದಲ್ಲಿ ಮೊದಲು ಎದ್ದ ಪ್ರಶ್ನೆ ಅವನಿಗೆ ಬುದ್ಧಿ ನೆಟ್ಟಗಿದೆಯೇ ಎಂಬುದು. ಮೊದಲ ತಜ್ಞರ ತಂಡ ಅವನು ಮಾನಸಿಕ ರೋಗಿ ಎಂದಿತು, ಎರಡನೆಯ ತಂಡ ಅಲ್ಲ ಎಂದಿತು. ಅವನನ್ನು ಆಸ್ಪತ್ರೆಗೆ ಸೇರಿಸಿ ಎಂದು ಕೇಳಿದ್ದು ಸರ್ಕಾರಿ ವಕೀಲರು. ನನಗೆ ಬುದ್ಧಿ ಸರಿಯಿದೆ, ತಿಳಿದೇ ಮಾಡಿದ್ದೇನೆ ಎಂದದ್ದು ಆರೋಪಿ. ಐವರು ನ್ಯಾಯಾಧೀಶರು ಒಮ್ಮತದಿಂದ ಅವನ ಬುದ್ಧಿ ಸರಿಯಿದೆ ಎಂದರು. ಅವನು ಬಯಸಿದ್ದನ್ನೇ ಕೊಟ್ಟಂತಾಯಿತಲ್ಲ ಎಂದು ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಹುಚ್ಚ ಎಂದು ಬಿಟ್ಟಿದ್ದರೆ ಅವನ ಕೃತ್ಯ ಮರ ಬಿದ್ದು ಜನ ಸತ್ತಂತೆ ಒಂದು ಆಕಸ್ಮಿಕವಾಗುತ್ತಿತ್ತು. ಮರಕ್ಕೆ ಯಾರೂ 'ನೀನು ಮಾಡಿದ್ದು ತಪ್ಪು' ಎನ್ನುವುದಿಲ್ಲ. ಶಿಕ್ಷೆ ಮತ್ತು ಶಿಕ್ಷಣ ಒಂದೇ ಧಾತುವಿನ ಮಾತುಗಳು. ಎರಡೂ ಎದುರಿಗಿರುವವನು ಕೇಳಿಸಿಕೊಳ್ಳಬಲ್ಲ, ಬೇರೆ ರೀತಿ ನಡೆದುಕೊಳ್ಳಬಹುದಿತ್ತು ಎಂದು ನಂಬುತ್ತವೆ. ಅವನನ್ನು ಶಿಕ್ಷೆಗೆ ಅರ್ಹ ಎಂದಾಗ ನ್ಯಾಯಾಲಯ ಅವನನ್ನು ಮನುಷ್ಯನೆಂದೇ ಎಣಿಸಿತು. ಆ ಕೈಕುಲುಕುವಿಕೆಯ ಅರ್ಥವೂ ಇದೇ ಇರಬೇಕು ಎಂದು ಈಗ ನನಗೆ ಅನ್ನಿಸುತ್ತದೆ. ಅದು ಸ್ನೇಹವೂ ಅಲ್ಲ, ಕ್ಷಮೆಯೂ ಅಲ್ಲ. ಆ ಕೊಠಡಿಯ ನಿಯಮ ಎಲ್ಲ ಆರೋಪಿಗಳಿಗೂ ಒಂದೇ ಎಂಬುದಷ್ಟೇ.

ಅದೇ ವಿಚಾರಣೆಯ ಎರಡನೆಯ ದಿನ ಇನ್ನೊಂದು ಸಂಗತಿ ನಡೆಯಿತು. ಐವರಲ್ಲಿ ಮೂವರು ವೃತ್ತಿಯಿಂದ ನ್ಯಾಯಾಧೀಶರಲ್ಲದ ಸಾಮಾನ್ಯ ನಾಗರಿಕರು. ಅವರಲ್ಲೊಬ್ಬರು ದಾಳಿಯ ಮರುದಿನ, ಇವನಿಗೆ ಮರಣದಂಡನೆಯೊಂದೇ ನ್ಯಾಯ ಎಂದು ಅಂತರ್ಜಾಲದಲ್ಲಿ ಬರೆದಿದ್ದರು. ಅದು ಬೆಳಕಿಗೆ ಬಂದ ಕೂಡಲೇ ಅವರನ್ನು ಪೀಠದಿಂದ ಇಳಿಸಿದರು. ಶವಗಳು ಇನ್ನೂ ಮನೆ ಸೇರದ ದಿನ ಯಾರ ಬಾಯಲ್ಲಾದರೂ ಬರಬಹುದಾದ ಮಾತು ಅದು. ಆ ಸಿಟ್ಟು ತಪ್ಪು ಎಂದು ಯಾರೂ ಹೇಳಲಿಲ್ಲ. ಆ ಸಿಟ್ಟಿನಲ್ಲಿ ಆಗಲೇ ತೀರ್ಮಾನಿಸಿದವರು ತೀರ್ಪು ಕೊಡುವ ಕುರ್ಚಿಯಲ್ಲಿ ಕೂರಬಾರದು ಎಂದರು, ಅಷ್ಟೇ.

ಪ್ಯಾರಿಸ್‌ನ ಪ್ರಶ್ನೆ ಬೇರೆ. 2015ರ ನವೆಂಬರ್ 13ರ ರಾತ್ರಿ ಕ್ರೀಡಾಂಗಣದ ಹೊರಗೆ, ಕೆಫೆಗಳ ಜಗುಲಿಗಳಲ್ಲಿ, ಬಟಾಕ್ಲಾನ್ ಸಂಗೀತ ಸಭಾಂಗಣದಲ್ಲಿ ನಡೆದ ದಾಳಿಗಳಲ್ಲಿ 130 ಜನ ಸತ್ತರು. ದಾಳಿಗೆ ಇಳಿದ ಹತ್ತು ಜನರಲ್ಲಿ ಬದುಕುಳಿದವನು ಸಲಾ ಅಬ್ದೆಸ್ಲಾಂ ಒಬ್ಬನೇ. 2021ರ ಸೆಪ್ಟೆಂಬರ್‌ನಿಂದ 2022ರ ಜೂನ್‌ವರೆಗೆ, ಹಳೆಯ ನ್ಯಾಯಾಲಯದ ಕಟ್ಟಡದೊಳಗೆ ಅದಕ್ಕೆಂದೇ ಕಟ್ಟಿದ ಕೊಠಡಿಯಲ್ಲಿ ವಿಚಾರಣೆ ನಡೆಯಿತು. ಜೂರಿ ಇರಲಿಲ್ಲ, ಭಯೋತ್ಪಾದನೆಯ ಪ್ರಕರಣಗಳನ್ನು ಫ್ರಾನ್ಸಿನಲ್ಲಿ ವೃತ್ತಿಪರ ನ್ಯಾಯಾಧೀಶರೇ ಕೇಳುತ್ತಾರೆ. ಅಬ್ದೆಸ್ಲಾಂ ತನ್ನ ಕೈಯಾರೆ ಯಾರನ್ನೂ ಕೊಲ್ಲಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡಿದ್ದ ಸ್ಫೋಟಕವನ್ನು ಕೊನೆಯ ಗಳಿಗೆಯಲ್ಲಿ ಸಿಡಿಸದೆ ಹಿಂಜರಿದೆ ಎಂದ. ನ್ಯಾಯಾಲಯ ಅದನ್ನು ನಂಬಲಿಲ್ಲ. ಸ್ಫೋಟಕವೇ ಕೆಟ್ಟಿತ್ತು ಎಂದು ತೀರ್ಮಾನಿಸಿತು. ಅವನಿಗೆ ಸಿಕ್ಕಿದ್ದು ಫ್ರಾನ್ಸಿನ ಅತ್ಯಂತ ಕಠಿಣ ಶಿಕ್ಷೆ, ಅಲ್ಲಿ ಅತಿ ವಿರಳವಾಗಿ ಕೊಡುವ ಕಡಿತವಿಲ್ಲದ ಜೀವಾವಧಿ.

ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಗುಂಪು ಕೂಡಿ ಸಂಚು ಹೂಡಿದವರಲ್ಲಿ ಯಾರ ಬಂದೂಕಿನಿಂದ ಗುಂಡು ಹಾರಿತು ಎಂಬುದು ಮುಖ್ಯವಲ್ಲ ಎಂಬ ವಾದ ನನಗೆ ಒಪ್ಪಿಗೆ. ಆತ್ಮಾಹುತಿ ಮಾಡಿಕೊಳ್ಳುವವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟವನು ತಾನು ಬರೀ ಚಾಲಕ ಎಂದರೆ ಯಾರು ಕೇಳುತ್ತಾರೆ? ಆದರೂ ಒಂದು ಅಳುಕು ಉಳಿಯುತ್ತದೆ. ಉಳಿದ ಒಂಬತ್ತು ಮಂದಿ ಸತ್ತು ಕಾನೂನಿನ ಕೈಗೆ ಸಿಗದೆ ಹೋದರು. ಸಿಕ್ಕ ಒಬ್ಬನ ಮೇಲೆ ಸತ್ತವರ ಪಾಲಿನ ಶಿಕ್ಷೆಯೂ ಬೀಳಲಿಲ್ಲವೇ? ಇದು ಅವನ ಮೇಲಿನ ಕನಿಕರದ ಮಾತಲ್ಲ. ಒಬ್ಬನ ಶಿಕ್ಷೆಯನ್ನು ಅವನ ತಪ್ಪಿನಿಂದ ಅಳೆಯಬೇಕೇ, ನಮ್ಮ ನೋವಿನಿಂದ ಅಳೆಯಬೇಕೇ ಎಂಬ ಪ್ರಶ್ನೆ. ನೋವಿನಿಂದ ಅಳೆಯಲು ಹೊರಟರೆ ಎಲ್ಲಿ ನಿಲ್ಲಿಸಬೇಕು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ನೋವಿಗೆ ಅಳತೆಯೇ ಇಲ್ಲ.

ಹೀಗೆ ಬರೆಯುವುದು ನನಗೆ ಸುಲಭ. ದೂರದಲ್ಲಿ ಕೂತವನು ನಾನು. ನನ್ನ ಮಾತಿಗೆ ಎದುರಾಗಿ ನಿಲ್ಲುವ ಒಂದು ಘಟನೆಯನ್ನು ಇಲ್ಲಿ ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ.

ಉಸ್ಮಾನ್ ಖಾನ್ ಎಂಬವನಿಗೆ ಬ್ರಿಟನ್ನಿನಲ್ಲಿ 2012ರಲ್ಲಿ ಭಯೋತ್ಪಾದನೆಯ ಸಂಚಿಗಾಗಿ ಶಿಕ್ಷೆಯಾಯಿತು. ಮೊದಲು ಅದು ಅವಧಿ ಗೊತ್ತುಮಾಡದ ಶಿಕ್ಷೆ. ಮೇಲ್ಮನವಿಯಲ್ಲಿ ಅದು 16 ವರ್ಷಕ್ಕೆ ಇಳಿಯಿತು. ಅರ್ಧ ಅವಧಿ ಮುಗಿದದ್ದರಿಂದ 2018ರ ಡಿಸೆಂಬರ್‌ನಲ್ಲಿ ಅವನು ತಾನಾಗಿಯೇ ಹೊರಬಂದ. ಅವನು ಬದಲಾಗಿದ್ದಾನೆಯೇ ಎಂದು ಯಾವ ಮಂಡಳಿಯೂ ಕೇಳಬೇಕಾಗಿರಲಿಲ್ಲ. ಮುಂದಿನ ವರ್ಷ ನವೆಂಬರ್ 29ರಂದು, ಲಂಡನ್ ಸೇತುವೆಯ ಪಕ್ಕದ ಫಿಶ್‌ಮಾಂಗರ್ಸ್ ಹಾಲ್‌ನಲ್ಲಿ, ಕೈದಿಗಳಿಗೆ ಪಾಠ ಹೇಳುವ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಒಂದು ಯೋಜನೆಯ ಸಮಾರಂಭಕ್ಕೆ ಅವನು ಅತಿಥಿಯಾಗಿ ಬಂದ. ಆ ಯೋಜನೆಯೊಡನೆ ಬೆರೆತಿದ್ದ ಇಬ್ಬರನ್ನು ಚೂರಿಯಿಂದ ಇರಿದು ಕೊಂದ. ಒಬ್ಬ ಇಪ್ಪತ್ತೈದರ ಯುವಕ, ಇನ್ನೊಬ್ಬಳು ಇಪ್ಪತ್ಮೂರರ ಯುವತಿ. ಮನುಷ್ಯ ಬದಲಾಗಬಲ್ಲ ಎಂದು ನಂಬಿದವರೇ ಸತ್ತರು. ಇದಕ್ಕಿಂತ ಕ್ರೂರವಾದ ವಾದ ನನ್ನ ಮಾತಿಗೆ ಎದುರಾಗಿ ಇನ್ನೊಂದಿಲ್ಲ.

ಆದರೆ ಅದೇ ಸಭಾಂಗಣದಲ್ಲಿ ಇನ್ನೊಬ್ಬನಿದ್ದ. ಕೊಲೆಗಾಗಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ, ಆ ದಿನದ ಮಟ್ಟಿಗೆ ಹೊರಗೆ ಬಿಟ್ಟಿದ್ದ ಕೈದಿ. ಚೂರಿ ಹಿಡಿದವನ ಮೇಲೆ ಎರಗಿ, ಅವನನ್ನು ಸೇತುವೆಯವರೆಗೆ ಬೆನ್ನಟ್ಟಿ ಕೆಡವಿದವರಲ್ಲಿ ಅವನೂ ಒಬ್ಬ. ಒಂದೇ ಕೊಠಡಿ, ಒಂದೇ ಸಮಾರಂಭ, ಇಬ್ಬರು ಶಿಕ್ಷಿತರು. ಒಬ್ಬ ಕೊಂದ, ಒಬ್ಬ ತಡೆದ. ಕೈದಿಗಳು ಬದಲಾಗುತ್ತಾರೆಯೇ ಎಂದು ಕೇಳುವವರಿಗೆ ಆ ದಿನ ಕೊಡುವ ಉತ್ತರ ಎರಡೂ ಹೌದು.

ಸತ್ತ ಯುವಕನ ತಂದೆ, ತನ್ನ ಮಗನ ಸಾವನ್ನು ನೆಪ ಮಾಡಿಕೊಂಡು ಶಿಕ್ಷೆಗಳನ್ನು ಇನ್ನಷ್ಟು ಕ್ರೂರವಾಗಿಸುವುದನ್ನು ಮಗ ಒಪ್ಪುತ್ತಿರಲಿಲ್ಲ ಎಂದು ಹೇಳಿದರು. ಸರ್ಕಾರ ಆ ದಾರಿ ಹಿಡಿಯಲಿಲ್ಲ. 2020ರ ಫೆಬ್ರವರಿಯಲ್ಲಿ ಸ್ಟ್ರೆಥಮ್‌ನಲ್ಲಿ ಅಂಥದೇ ಇನ್ನೊಂದು ದಾಳಿ ನಡೆದ ಮೇಲೆ ಕೆಲವೇ ವಾರಗಳಲ್ಲಿ ಹೊಸ ಕಾಯ್ದೆ ಬಂತು. ಭಯೋತ್ಪಾದನೆಯ ಕೈದಿಗಳು ಮೂರನೇ ಎರಡು ಭಾಗ ಮುಗಿಸಬೇಕು, ಆಮೇಲೂ ಪೆರೋಲ್ ಮಂಡಳಿ ಒಪ್ಪಬೇಕು. ಆಗಲೇ ಶಿಕ್ಷೆಯಲ್ಲಿದ್ದವರಿಗೂ ಇದು ಅನ್ವಯಿಸಿತು. ಮಂಡಳಿಯ ಮುಂದೆ ಹಾಜರಾಗಬೇಕು ಎಂಬುದು ನನಗೆ ಸರಿ ಎನಿಸುತ್ತದೆ; ಕ್ಯಾಲೆಂಡರ್ ನೋಡಿ ಬಾಗಿಲು ತೆರೆಯುವುದು ಭರವಸೆಯಲ್ಲ, ಉದಾಸೀನ. ಆಟದ ನಡುವೆ ನಿಯಮ ಬದಲಿಸಿದ್ದು ಮಾತ್ರ ಕಸಿವಿಸಿ ತರುತ್ತದೆ. ನ್ಯಾಯಾಧೀಶರು ಒಬ್ಬನ ಮುಖ ನೋಡಿ ಹೇಳಿದ ಮಾತಿನ ಅರ್ಥವನ್ನು ಶಾಸನಸಭೆ ಆಮೇಲೆ ಬದಲಿಸಬಹುದಾದರೆ ಅದು ತೀರ್ಪು ಹೇಗಾದೀತು?

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು 1977ರ ಜರ್ಮನಿಯನ್ನು. ಆ ವರ್ಷದ ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯ ಪ್ರಧಾನ ಸರ್ಕಾರಿ ಅಭಿಯೋಜಕ ಬೂಬಾಕ್ ಅವರನ್ನು ರೆಡ್ ಆರ್ಮಿ ಫ್ಯಾಕ್ಷನ್ ಬೀದಿಯಲ್ಲೇ ಗುಂಡಿಟ್ಟು ಕೊಂದಿತು. ಸೆಪ್ಟೆಂಬರ್‌ನಲ್ಲಿ ಉದ್ಯಮಪತಿಗಳ ಸಂಘದ ಅಧ್ಯಕ್ಷ ಶ್ಲೈಯರ್ ಅವರ ಅಪಹರಣ, ಅಕ್ಟೋಬರ್‌ನಲ್ಲಿ ಕೊಲೆ. ಇವೆರಡರ ನಡುವೆ, ಜೂನ್ 21ರಂದು, ಆ ದೇಶದ ಸಂವಿಧಾನ ನ್ಯಾಯಾಲಯ ಬೇರೊಂದು ಕೊಲೆ ಪ್ರಕರಣದಲ್ಲಿ ಒಂದು ಮಾತು ಹೇಳಿತು: ಜೀವಾವಧಿ ಶಿಕ್ಷೆಯಾದವನಿಗೂ ಎಂದಾದರೂ ಹೊರಬರುವ ನಿಜವಾದ ಅವಕಾಶ ಇರಬೇಕು, ಇಲ್ಲದಿದ್ದರೆ ಅದು ಮನುಷ್ಯನ ಘನತೆಗೆ ಕುಂದು. ದೇಶ ಹೆದರಿ ನಡುಗುತ್ತಿದ್ದ ವರ್ಷದಲ್ಲಿ ಹೇಳಿದ ಮಾತು ಇದು. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಬ್ರಿಟನ್ನಿನ ಕೊಲೆಗಾರರ ಪ್ರಕರಣವೊಂದರಲ್ಲಿ ಇದೇ ದಾರಿಯಲ್ಲಿ ನಡೆಯಿತು. ಮರುಪರಿಶೀಲನೆಯೇ ಇಲ್ಲದ ಜೀವಾವಧಿ ಅಮಾನವೀಯ ಎಂದಿತು. ಅಬ್ದೆಸ್ಲಾಂನ ಶಿಕ್ಷೆಯಲ್ಲೂ ಮೂವತ್ತು ವರ್ಷದ ನಂತರ ತಟ್ಟಬಹುದಾದ ಒಂದು ಬಾಗಿಲಿದೆ. ತಟ್ಟಿದರೆ ತೆರೆಯಲೇಬೇಕೆಂದಿಲ್ಲ. ಆದರೆ ಬಾಗಿಲಿದ್ದ ಜಾಗದಲ್ಲಿ ಗೋಡೆ ಕಟ್ಟಿಲ್ಲ.

ಈ ಬಾಗಿಲು ಯಾರಿಗಾಗಿ? ಬ್ರೈವಿಕ್‌ಗಾಗಿಯೇ ಇದ್ದರೆ ಅದನ್ನು ಮುಚ್ಚಲು ನನ್ನದೇನೂ ಅಡ್ಡಿಯಿಲ್ಲ. ಆದರೆ 'ಇವನು ಮನುಷ್ಯನೇ ಅಲ್ಲ' ಎಂದು ಒಬ್ಬನ ಬಗ್ಗೆ ತೀರ್ಮಾನಿಸುವ ಅಧಿಕಾರವನ್ನು ಸರ್ಕಾರಕ್ಕೆ ಒಮ್ಮೆ ಕೊಟ್ಟರೆ, ಅದು ಆ ಒಬ್ಬನಲ್ಲೇ ನಿಲ್ಲುವುದಿಲ್ಲ. ಭಯೋತ್ಪಾದಕ ಬಂದೂಕು ಎತ್ತುವ ಮೊದಲು ಮಾಡಿಕೊಳ್ಳುವ ತೀರ್ಮಾನವೂ ಅದೇ ಅಲ್ಲವೇ: ಎದುರಿಗಿರುವವರು ಮನುಷ್ಯರಲ್ಲ, ಶತ್ರುವಿನ ಗುರುತುಗಳು. ಆ ನೋಟವನ್ನು ಅವನಿಂದ ಕಲಿಯಬಾರದು ಎಂಬ ಹಟವನ್ನೇ ನಾನು ನ್ಯಾಯ ಎಂದು ಕರೆಯುತ್ತೇನೆ. ಆ ಹಟಕ್ಕೆ ಬೆಲೆಯಿದೆ, ಮತ್ತು ಕೆಲವೊಮ್ಮೆ ಅದನ್ನು ತೆರುವವರು ಫಿಶ್‌ಮಾಂಗರ್ಸ್ ಹಾಲ್‌ನ ಆ ಇಬ್ಬರಂಥವರು. ಇದನ್ನು ಮರೆತು ಆಡುವ ಮಾನವೀಯತೆಯ ಮಾತು ಪೊಳ್ಳು.

ಹಾಗಾದರೆ ತೀರ್ಪು ಏನನ್ನು ತೀರಿಸುತ್ತದೆ? ಪ್ಯಾರಿಸ್‌ನಲ್ಲಿ ವಾರಗಟ್ಟಲೆ ನೂರಾರು ಜನ, ಬದುಕುಳಿದವರು ಮತ್ತು ಸತ್ತವರ ಮನೆಯವರು, ಒಬ್ಬೊಬ್ಬರಾಗಿ ಬಂದು ತಮ್ಮ ಆ ರಾತ್ರಿಯನ್ನು ಹೇಳಿಕೊಂಡರು. ಓಸ್ಲೋದಲ್ಲಿ ಸತ್ತ ಪ್ರತಿಯೊಬ್ಬರ ಶವಪರೀಕ್ಷೆಯ ವಿವರ ಓದಿದ ಮೇಲೆ ಅವರ ಫೋಟೋ ತೋರಿಸಿ, ಅವರು ಯಾರಾಗಿದ್ದರು, ಏನಾಗಬೇಕೆಂದಿದ್ದರು ಎಂದು ನಾಲ್ಕು ಮಾತು ಓದಿದರು. 77 ಎಂಬ ಅಂಕಿ ಅಲ್ಲಿ ಮತ್ತೆ ಒಂದೊಂದೇ ಹೆಸರಾಯಿತು. ನಾನು ಮಾಡಿದ ಭಾಗಾಕಾರಕ್ಕಿಂತ ದೊಡ್ಡ ಲೆಕ್ಕ ಅದು.

ಬಟಾಕ್ಲಾನ್‌ನಲ್ಲಿ ಮಗಳು ಲೋಲಾಳನ್ನು ಕಳೆದುಕೊಂಡವರು ಜಾರ್ಜ್ ಸಲೀನ್. ಅಲ್ಲಿ ಗುಂಡು ಹಾರಿಸಿದವರಲ್ಲಿ ಒಬ್ಬನ ತಂದೆ ಅಜ್ದೀನ್ ಅಮಿಮೂರ್. ಇಬ್ಬರೂ ಭೇಟಿಯಾಗಿ, ಮಾತಾಡಿ, 2020ರಲ್ಲಿ ಆ ಮಾತುಕತೆಯನ್ನು ಪುಸ್ತಕವಾಗಿ ಹೊರತಂದರು. ಯಾವ ನ್ಯಾಯಾಲಯವೂ ಅವರಿಗೆ ಹಾಗೆ ಮಾಡಿ ಎಂದು ಆದೇಶಿಸಲಾರದು, ಆದೇಶಿಸಲೂ ಬಾರದು. ಇಬ್ಬರ ಮಕ್ಕಳೂ ತೀರಿಹೋಗಿದ್ದಾರೆ. ತೀರದೆ ಉಳಿದದ್ದನ್ನು ಎದುರಿಗಿಟ್ಟುಕೊಂಡು ಇಬ್ಬರು ಅಪ್ಪಂದಿರು ಒಂದೇ ಮೇಜಿಗೆ ಕೂತರು. ತೀರ್ಪಿನ ಕೆಲಸ ಮುಗಿದಲ್ಲಿಂದ ಆಚೆಗೆ ಇರುವ ಕೆಲಸ ಅದು, ಮತ್ತು ಅದನ್ನು ಮಾಡುವವರಿಗೆ ಕಾನೂನು ಕೊಡಬಹುದಾದದ್ದು ಕೂರಲು ಒಂದಿಷ್ಟು ಜಾಗವನ್ನು ಮಾತ್ರ.