ಬಿಗಿದವರು ಯಾರೋ

ನಟ್ಟಿಗೆ 14ರ ಸ್ಪ್ಯಾನರು ಹೋಗಲಿಲ್ಲ. 15ರದ್ದು ಹೋಯಿತು, ಜಾರಿತು, ಬೆರಳಗಂಟಿನ ಚರ್ಮ ಕಿತ್ತುಕೊಂಡು ಬಂತು. ಹುಣಸೆಮರದ ಕೆಳಗೆ ಗೋಣಿತಾಟು ಹಾಸಿಕೊಂಡು ದೊಡ್ಡಪ್ಪನ ಗಾಡಿಯಡಿ ಅಂಗಾತ ಮಲಗಿದ್ದೆ. ಕಣ್ಣಿಗೆ, ಬಾಯಿಗೆ ತುಕ್ಕು ಉದುರುತ್ತಿತ್ತು. ಕುದೂರಿನ ಹಾರ್ಡ್‌ವೇರ್ ಅಂಗಡಿಯವರು ನನ್ನ ಕೈ ನೋಡಿ ನಕ್ಕರು. "ಅದು ಇಂಚಿನ ಗಾಡಿ ಮೇಷ್ಟ್ರೆ. ನೀವು ಮಿಲಿಮೀಟ್ರು ಹಿಡ್ಕಂಡು ಹೋದ್ರೆ ಮಾತು ಕೇಳುತ್ತಾ?" ಬೇಕಿದ್ದದ್ದು 9/16 ಇಂಚಿನದು. ಲೆಕ್ಕ ಹಾಕಿದರೆ 14.29 ಮಿಲಿಮೀಟರು; ಹದಿನಾಲ್ಕಕ್ಕೆ ದಪ್ಪ, ಹದಿನೈದಕ್ಕೆ ಸಣಕಲು. 1957ರ ಏಪ್ರಿಲ್ ಒಂದಕ್ಕೆ ದೇಶ ಆಣೆ ಬಿಟ್ಟು ನಯಾಪೈಸೆಗೆ ಬಂತು, ಆಮೇಲೆ ಸೇರು ಬಿಟ್ಟು ಕಿಲೋಗೆ ಬಂತು. 1968ರಲ್ಲಿ ತಯಾರಾದ ಈ ಗಾಡಿ ಮಾತ್ರ ಯಾವ ಸರ್ಕಾರಕ್ಕೂ ಬಗ್ಗದೆ ಇಂಚಿನಲ್ಲೇ ಉಳಿದುಬಿಟ್ಟಿದೆ.

ಮಹೀಂದ್ರ ಎಫ್‌ಸಿ-150. ಜೀಪಿನ ಮೂತಿ ಕುಯ್ದು ಅದಕ್ಕೆ ಪುಟ್ಟ ಲಾರಿಯ ಮುಖ ಅಂಟಿಸಿದರೆ ಹೇಗೋ ಹಾಗಿದೆ ಇದರ ರೂಪ. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಗೆ ಇದನ್ನು ಹೊರತಂದಿತು. ಹೀಗೆ ಮೊಂಡುಮೂಗು ಮಾಡಿದವರು ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರರು. ಹಿಂದಿನ ಮುಂದಿನ ಚಕ್ರಗಳ ನಡುವೆ ಬರೀ 81 ಇಂಚು, ಜೀಪಿನಷ್ಟೇ. ಅಲ್ಲಿ ಅದು ಹೆಚ್ಚು ನಡೆಯದೆ ನಿಂತುಹೋಗುವ ಹೊತ್ತಿಗೆ, 1965ರಲ್ಲಿ, ಮಹೀಂದ್ರದವರು ಇಲ್ಲಿ ಶುರು ಮಾಡಿದರು. ಎಂಜಿನ್ನು ಡ್ರೈವರಿಗೂ ಪಕ್ಕದವನಿಗೂ ನಡುವೆ, ತಗಡಿನ ಪೆಟ್ಟಿಗೆಯೊಳಗೆ. ಬೇಸಿಗೆಯಲ್ಲಿ ದೊಡ್ಡಪ್ಪನ ಎಡಗಾಲು ಬೇಯುತ್ತಿತ್ತು. ಮಾಗಿಯಲ್ಲಿ ಆ ಪೆಟ್ಟಿಗೆಯ ಮೇಲೆ ಟವಲು ಹಾಸಿಕೊಂಡು ಕೂರುವ ಭಾಗ್ಯ ನನ್ನದು. ರೇಷ್ಮೆಗೂಡು ತುಂಬಿಕೊಂಡು ಕತ್ತಲಲ್ಲೇ ರಾಮನಗರದ ಮಾರ್ಕೆಟ್ಟಿಗೆ ಹೊರಟರೆ, ಕೆಳಗಿನಿಂದ ಬಿಸಿ, ಹಿಂದಿನಿಂದ ಗೂಡಿನ ವಾಸನೆ. ಆರ್‌ಟಿಒ ಭಾಷೆಯಲ್ಲಿ ಎಫ್.ಸಿ. ಎಂದರೆ ಗಾಡಿ ಓಡಿಸಲು ಯೋಗ್ಯ ಎನ್ನುವ ಪತ್ರ. ಆಮೇಲಾಮೇಲೆ ಅದು ಸಿಗುವುದು ಕಷ್ಟವಾಗಿ, ಊರಲ್ಲಿ ಇದಕ್ಕೆ "ಎಫ್.ಸಿ. ಇಲ್ಲದ ಎಫ್.ಸಿ." ಎಂದು ಹೆಸರಾಯಿತು. 1985ರ ಬೇಸಿಗೆಯಲ್ಲಿ ಹುಣಸೆಮರದ ಕೆಳಗೆ ನಿಂತದ್ದು, ನಿಂತೇ ಹೋಯಿತು.

ನಿಂತಲ್ಲೇ ಅದು ಎಷ್ಟು ದೂರ ಹೋಗಿದೆ ನೋಡಿ. ನಿಲ್ಲಿಸಿದಾಗ ಕುದೂರು ಬೆಂಗಳೂರು ಜಿಲ್ಲೆ. ಮರುವರ್ಷ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ. 2025ರಲ್ಲಿ ಬೆಂಗಳೂರು ದಕ್ಷಿಣ. ನಂಬರ್ ಪ್ಲೇಟಿನಲ್ಲಿರುವ ಎಂ.ವೈ. ಅಕ್ಷರಗಳು ಮೈಸೂರು ರಾಜ್ಯದವು. ಆ ಹೆಸರಿನ ರಾಜ್ಯ 1973ರ ನವೆಂಬರ್ ಒಂದಕ್ಕೇ ಮುಗಿಯಿತು. ಗಾಳಿ ಇಳಿದ ನಾಲ್ಕು ಟೈರಿನ ಮೇಲೆ ಕೂತು ಇದು ನಾಲ್ಕು ಜಿಲ್ಲೆ ಸುತ್ತಿದೆ. ಎದುರಿಗಿನ ಭೈರವನದುರ್ಗದ ಬೆಟ್ಟ ಒಂದೇ ಕದಲದೆ ಇದ್ದದ್ದು.

ನಾನು ಕನ್ನಡ ಮೇಷ್ಟ್ರು. ನಿವೃತ್ತನಾಗುವವರೆಗೂ ಸಂಧಿ ಸಮಾಸ ಬಿಡಿಸಿದವನು, ನಟ್ಟು ಬಿಚ್ಚಿದವನಲ್ಲ. ಗುಜರಿಯವನು ತೂಕಕ್ಕೆ ಕೇಳಿಕೊಂಡು ಬಂದ ದಿನ ಯಾಕೋ ಬೇಡ ಅನ್ನಿಸಿತು. ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ, ಇದೆಯೆಂದು ನಟಿಸುವುದೂ ಇಲ್ಲ.

ಸರಿಯಾದ ಸ್ಪ್ಯಾನರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ತಂದು ಆ ನಟ್ಟಿಗೆ ಹಾಕಿ ಎಳೆದೆ. ಅಲುಗಲಿಲ್ಲ. ಎಣ್ಣೆ ಬಿಟ್ಟು ರಾತ್ರಿ ಕಳೆದು, ಬೆಳಿಗ್ಗೆ ಸ್ಪ್ಯಾನರಿನ ತುದಿಗೆ ಒಂದು ಪೈಪು ಸಿಕ್ಕಿಸಿ, ಕಾಲನ್ನು ಚಾಸಿಗೆ ಒತ್ತುಕೊಟ್ಟು ಎಳೆದೆ. 'ಟಣ್' ಎಂದಿತು. ತಂತಿ ಹರಿದ ಸದ್ದು. ಗಾಬರಿಯಾಗಿ ನೋಡಿದರೆ ಏನೂ ಮುರಿದಿರಲಿಲ್ಲ. ನಟ್ಟು ಕಾಲು ಸುತ್ತು ತಿರುಗಿತ್ತು, ಅಷ್ಟೆ. ಅದರ ಕೆಳಗಿನ ತಗಡು ಮಾತ್ರ ಉಂಗುರದಾಕಾರಕ್ಕೆ, ಮೊನ್ನೆ ಮಾಡಿದ ಹಾಗೆ, ಬೆಳ್ಳಗೆ ಹೊಳೆಯುತ್ತಿತ್ತು.

ನಟ್ಟು ಬಿಗಿಯುವುದು ಎಂದರೇನು ಎಂದು ಅಲ್ಲಿಯವರೆಗೆ ಯೋಚಿಸಿದವನೇ ಅಲ್ಲ ನಾನು. ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ. ಕಬ್ಬಿಣವೂ ರಬ್ಬರಿನ ಹಾಗೆ ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗಲು ಹಂಬಲಿಸುತ್ತದೆ. ಆ ಹಂಬಲವೇ ಎರಡು ತಗಡನ್ನು ಒಟ್ಟಿಗೆ ಹಿಡಿದಿರುವುದು. ಅಂದರೆ ಯಾರೋ ಒಬ್ಬರು 1968ರಲ್ಲಿ, ಕಾರ್ಖಾನೆಯ ಯಾವುದೋ ಪಾಳಿಯಲ್ಲಿ, ತೋಳಿನ ಬಲವನ್ನು ಇದರೊಳಗೆ ಇಟ್ಟು ಊಟಕ್ಕೆ ಎದ್ದುಹೋದರು. ಆ ಬಲ ಖರ್ಚಾಗದೆ, ಹುಣಸೆಮರದಡಿಯ ಇಷ್ಟು ಮಳೆಗಾಲಗಳಲ್ಲೂ, ಹಗಲೂ ರಾತ್ರಿ ಎಳೆಯುತ್ತಲೇ ಇತ್ತು. ಗಾಡಿ ಸತ್ತಿದೆ ಎಂದು ನಾವೆಲ್ಲ ಅಂದುಕೊಂಡಿದ್ದಾಗ ಅದರ ಮೈತುಂಬ ನೂರಾರು ಬೋಲ್ಟುಗಳು ಹಲ್ಲು ಕಚ್ಚಿ ಹಿಡಿದಿದ್ದವು. ನನ್ನ ಕೈಗೆ ಬಂದ 'ಟಣ್' ಆ ಹಿಡಿತ ಬಿಟ್ಟ ಸದ್ದು. ಯಾರೋ ನನ್ನ ಕೈ ಹಿಡಿದುಕೊಂಡಿದ್ದವರು, ಸರಿ ಹೊರಡಿ, ಎಂದು ಬಿಟ್ಟಂತೆ.

ಬೆರಗಿಗೂ ಬೆರಳಿಗೂ ಒಂದೇ ಅಕ್ಷರದ ವ್ಯತ್ಯಾಸ ಎಂದು ತರಗತಿಯಲ್ಲಿ ತಮಾಷೆಗೆ ಹೇಳುತ್ತಿದ್ದೆ. ಬೆರಗಾದವರು ಮೂಗಿನ ಮೇಲೆ ಬೆರಳಿಡುತ್ತಾರೆ. ನನ್ನ ಬೆರಳು ಗ್ರೀಸಿನಲ್ಲಿ ಅದ್ದಿತ್ತು, ಇಡುವಂತಿರಲಿಲ್ಲ.

ಎಲ್ಲ ನಟ್ಟೂ ಇಷ್ಟು ಸಭ್ಯವಾಗಿರಲಿಲ್ಲ. ಎಡಗಡೆ ಮುಂದಿನ ಚಕ್ರದ ಒಂದು ಸ್ಟಡ್ಡನ್ನು ಮುರಿದೇಬಿಟ್ಟೆ. ತಪ್ಪು ನನ್ನದೇ. ಎಳೆದಷ್ಟೂ ಬಿಗಿಯಾಗುತ್ತಿದ್ದರೂ ತುಕ್ಕು ಎಂದುಕೊಂಡು ಪೈಪು ಉದ್ದ ಮಾಡುತ್ತಾ ಹೋದೆ. ಲೇತಿನ ಮೇಸ್ತ್ರಿ ಬಂದವರು ಮುರಿದ ತುಂಡನ್ನು ಅಂಗೈಲಿ ತೂಗಿ, ಸ್ಟಡ್ಡಿನ ತಲೆ ಒರೆಸಿ, ಅಲ್ಲಿ ಕೊರೆದಿದ್ದ ಇಂಗ್ಲಿಷಿನ 'ಎಲ್' ಅಕ್ಷರ ತೋರಿಸಿದರು. "ಉಲ್ಟಾ ತ್ರೆಡ್ಡು ಸಾಮಿ. ಎಡಗಡೆ ಚಕ್ರಕ್ಕೆಲ್ಲ ಉಲ್ಟಾನೇ." ಗಾಡಿ ಮುಂದೆ ಹೋಗುವಾಗ ಎಡಚಕ್ರ ತಿರುಗುವ ದಿಕ್ಕಿಗೆ ನಟ್ಟು ತಾನಾಗಿ ಸಡಿಲವಾಗಬಾರದೆಂದು ಹಳೆಯ ಜೀಪುಗಳಲ್ಲಿ ಹೀಗೆ ಮಾಡುತ್ತಿದ್ದರಂತೆ. ಕಾಣದ ಊರಿನ ಕಾಣದ ರಸ್ತೆಯಲ್ಲಿ ಚಕ್ರ ಕಳಚಿಕೊಳ್ಳದಿರಲಿ ಎಂದು ಒಬ್ಬರು ತಲೆ ಕೆಡಿಸಿಕೊಂಡಿದ್ದರು, ಓದುವವರು ಓದಲಿ ಎಂದು ಅಕ್ಷರವನ್ನೂ ಕೊರೆದಿದ್ದರು. ಅಕ್ಷರ ಕಲಿಸಿ ಪಿಂಚಣಿ ತಿನ್ನುವ ನಾನೇ ಓದಲಿಲ್ಲ.

ತುಕ್ಕಿನ ಜತೆ ಮೂರು ತಿಂಗಳು ಹೋಯಿತು. ತಂತಿಬ್ರಷ್ಷು ಹಿಡಿದು ಉಜ್ಜುತ್ತಾ ಕೂತರೆ ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ ನಮ್ಮ ಉತ್ತರಕ್ಕಿರುವ ಚನ್ನರಾಯನದುರ್ಗದ ಕಡೆ ಕಬ್ಬಿಣ ಕರಗಿಸುವವರನ್ನೂ ಉಕ್ಕು ಮಾಡುವವರನ್ನೂ ಕಂಡು ಬರೆದಿದ್ದಾನೆ. ಮಳೆನೀರು ಹಳ್ಳದಲ್ಲಿ ತಂದುಹಾಕಿದ ಕಪ್ಪು ಮರಳು, ಇದ್ದಿಲು, ಕುಲುಮೆ, ತಿದಿ. ಅದಿರೆಂದರೆ ಕಬ್ಬಿಣ ಗಾಳಿಯೊಂದಿಗೆ ಕೂಡಿಕೊಂಡಿರುವ ರೂಪ. ಕುಲುಮೆಯಲ್ಲಿ ಆ ನೆಂಟಸ್ತಿಕೆ ಬಿಡಿಸುತ್ತಾರೆ. ತೇವ ಸಿಕ್ಕಿದ ಕೂಡಲೇ ಕಬ್ಬಿಣ ಮತ್ತೆ ಗಾಳಿಯ ಕೈ ಹಿಡಿಯುತ್ತದೆ, ಅದೇ ತುಕ್ಕು. ಹಾಗೆ ನೋಡಿದರೆ ದೊಡ್ಡಪ್ಪನ ಗಾಡಿ ಹಾಳಾಗುತ್ತಿರಲಿಲ್ಲ, ತವರಿಗೆ ಹೊರಟಿತ್ತು. ನಾನು ಜುಟ್ಟು ಹಿಡಿದು ಎಳೆದು ತರುತ್ತಿದ್ದೆ. ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ತುಕ್ಕು ಹಿಡಿಯದಿರಲಿ ಎಂದು ಬಳಿಯುವ ರೆಡ್ ಆಕ್ಸೈಡ್ ಇದೆಯಲ್ಲ, ಆ ಕೆಂಪು ಎಲ್ಲಿಂದ ಬಂತು? ಅದೂ ಕಬ್ಬಿಣದ ಆಕ್ಸೈಡೇ. ತುಕ್ಕಿನ ದಾಯಾದಿ. ತುಕ್ಕಿಗೆ ತುಕ್ಕನ್ನೇ ಕಾವಲಿಟ್ಟಿದ್ದಾರೆ.

ಬಣ್ಣ ಕೆರೆಯುವಾಗ ತೊಡಕು ಬಂತು. ಮೇಲೆ ದೊಡ್ಡಪ್ಪನ ನೀಲಿ. ಅದರಡಿ ಬೂದಿ. ಬೂದಿಯಡಿ, ಬಾಗಿಲ ಸಂದಿಯಲ್ಲಿ ಉಗುರಗಲ, ಎಲೆಹಸಿರು. ದೊಡ್ಡಪ್ಪ ಇದನ್ನು ಯಾರಿಂದಲೋ ಕೊಂಡದ್ದು, ಅವರು ಇನ್ಯಾರಿಂದಲೋ. ಸೀಟು ಎತ್ತಿದರೆ ಆರು ಮೂಲೆಯ ಅಲ್ಯುಮಿನಿಯಮ್ಮಿನ ಮೂರು ಪೈಸೆ, ಒಂದು ಹಿಡಿ ಸೀದುಹೋದಂಥ ರಾಗಿ, ಯಾರದೋ ಅಂಗಿಯ ಗುಂಡಿ. ಹಿಂದಿನ ಸ್ಥಿತಿಗೆ ತರುವುದು ಎನ್ನುತ್ತಾರಲ್ಲ, ಯಾವ ಹಿಂದಕ್ಕೆ? ಹಸಿರಿಗೆ ಹೋದರೆ ಗಾಡಿ ಕಾರ್ಖಾನೆಯಿಂದ ಬಂದಂತಾಗುತ್ತದೆ, ದೊಡ್ಡಪ್ಪ ಇರುವುದಿಲ್ಲ. ನೀಲಿಗೆ ನಿಲ್ಲಿಸಿದರೆ ಹಸಿರು ಕಂಡವರು ಇರುವುದಿಲ್ಲ.

ನಮ್ಮ ಕಡೆಯವರಿಗೆ ಹಿಂದಕ್ಕೆ ಹೋಗುವ ಮಾತೆತ್ತಿದರೆ ಶಿವಗಂಗೆ ನೆನಪಾಗಲೇಬೇಕು. ಅಲ್ಲಿ ಗಂಗಾಧರೇಶ್ವರನ ಲಿಂಗದ ಮೇಲೆ ತುಪ್ಪ ತೀಡಿದರೆ ಬೆಣ್ಣೆಯಾಗುತ್ತದೆ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಇದೇ ಗಾಡಿಯ ಹಿಂದೆ ಕೂತು ಹೋಗಿ ನೋಡಿದ್ದೆ. ಅರ್ಚಕರ ಬೆರಳಡಿ ತುಪ್ಪ ಬೆಳ್ಳಗಾಗುತ್ತಾ ಬಂತು. ಕಾಯಿಸಿದ್ದು ಕಾಯಿಸದ್ದಾಗುವುದೆಂದರೆ ಹುಡುಗುಬುದ್ಧಿಗೆ ಗಡಿಯಾರದ ಮುಳ್ಳು ಹಿಂದೆ ಓಡಿದ ಹಾಗೆ. ಆದರೆ ಈಗ, ಉಪ್ಪುಕಾಗದ ಕೈಲಿ ಹಿಡಿದು ಕೂತಾಗ ಹೊಳೆದದ್ದು ಬೇರೆ: ಅಲ್ಲೂ ತುಪ್ಪ ಬೆಣ್ಣೆಯವರೆಗೆ ಬಂದು ನಿಲ್ಲುತ್ತದೆ. ಮೊಸರಿಗೆ ಹೋಗುವುದಿಲ್ಲ, ಹಾಲಿಗಂತೂ ಇಲ್ಲ. ದೇವರೇ ಒಂದು ಹೆಜ್ಜೆಗೆ ಸಾಕು ಮಾಡಿರುವಾಗ ನನ್ನದೇನು? ನೀಲಿಯನ್ನೇ ಬಳಿಸಿದೆ. ಬಾಗಿಲ ಸಂದಿಯ ಉಗುರಗಲ ಹಸಿರಿಗೆ ಟೇಪು ಅಂಟಿಸಿ, ಬಣ್ಣ ತಾಗದಂತೆ ಉಳಿಸಿದೆ.

ಎಂಜಿನ್ನು ಕಚ್ಚಿಕೊಂಡಿತ್ತು. ಅದಕ್ಕೆ ಹರಿಕೇನ್ ಎಂದು ಹೆಸರು. ನಾಲ್ಕು ಸಿಲಿಂಡರು, 2.2 ಲೀಟರು. ಗಾಳಿ ಪೆಟ್ರೋಲು ಒಳಗೆ ಬಿಡುವ ವಾಲ್ವು ನೆತ್ತಿಯ ಮೇಲೆ, ಹೊಗೆ ಹೊರಗೆ ಬಿಡುವುದು ಪಕ್ಕೆಯಲ್ಲಿ. ತೆಗೆದು ಡೀಸೆಲ್ಲು ಕೂರಿಸಿಬಿಡಿ, ಎಷ್ಟು ಜೀಪುಗಳಿಗೆ ಮಾಡಿಲ್ಲ, ಪೆಟ್ರೋಲು ಕುಡಿದು ಮನೆ ತೊಳೀತದೆ ಎಂದು ಮೇಸ್ತ್ರಿ ಹೇಳಿದ್ದು ಲೆಕ್ಕಕ್ಕೆ ಸರಿ. ನಾನು ಒಪ್ಪಲಿಲ್ಲ. ಪ್ಲಗ್ಗಿನ ತೂತುಗಳಲ್ಲಿ ಎಣ್ಣೆ ಬಿಟ್ಟು ದಿನಾ ಸಂಜೆ ಮುಂದಿನ ಹ್ಯಾಂಡಲು ಹಾಕಿ ಒತ್ತಿ ನೋಡುತ್ತಿದ್ದೆ, ಬಾಗಿಲು ತಟ್ಟುವ ಹಾಗೆ. ಹತ್ತೊಂಬತ್ತನೆಯ ಸಂಜೆ ಹ್ಯಾಂಡಲು ಒಂದು ಅಕ್ಕಿಕಾಳಿನಷ್ಟು ಹೋಯಿತು. ಸುಳ್ಳಿರಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಮತ್ತೆ ಒತ್ತಿದೆ. ಗುರುತು ಸರಿಯಿತು. ಆಮೇಲೆ ಸಿಲಿಂಡರು ಕೊರೆಸಿದ್ದು, ಇಪ್ಪತ್ತು ಓವರ್‌ಸೈಜಿನ ಪಿಸ್ಟನ್ನು ಹಾಕಿಸಿದ್ದು, ಕಾರ್ಬೊರೇಟರು ಮೂರು ಸಲ ಬಿಚ್ಚಿದ್ದು ಎಲ್ಲ ದುಡ್ಡಿನ ಕಥೆ, ಬಿಡಿ. ಬೆಂಕಿ ಹತ್ತುವ ಸರದಿ ಒಂದು-ಮೂರು-ನಾಲ್ಕು-ಎರಡು ಎಂದು ಮೇಸ್ತ್ರಿ ಗೋಡೆಯ ಮೇಲೆ ಬರೆದುಕೊಟ್ಟರು. ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗಿದರೆ ನಾಲ್ಕು ಸಾವಿರ ಕಿಡಿ. ಒಂದು ಕಿಡಿ ಸರದಿ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ. ಇಷ್ಟು ಹಳೆಯ ಮಡಕೆಯೊಳಗೆ ಇಷ್ಟು ಶಿಸ್ತಿನ ಬೆಂಕಿ.

ನನ್ನ ಸ್ವಂತ ಕುಶಾಲು ಎರಡೇ. ಹಿಂದಿನ ತೊಟ್ಟಿಯ ತಳಕ್ಕೆ ತಗಡಿನ ತೇಪೆ ಹಾಕಿಸಿ, ಅದರ ಮೇಲೆ ಎತ್ತಿಡಬಹುದಾದ ಹಲಸಿನ ಹಲಗೆ ಹಾಸಿದೆ. ಗೇರಿನ ತುದಿಯ ಗುಂಡನ್ನು ಚನ್ನಪಟ್ಟಣದಲ್ಲಿ ಮಾಡಿಸಿದೆ. ಆಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಕುಶಲಕರ್ಮಿ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಳದಿ ಸುತ್ತಿಕೊಂಡಿತು. ಮೇಲೆ ಒಣಗಿದ ಕೇದಗೆ ಎಲೆ ಹಿಡಿದರು, ಕನ್ನಡಿಯಾಯಿತು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿ ವಿಂಟೇಜ್ ಎಂದು ನೋಂದಣಿಯಾಗಬಹುದು, ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಹೊಸದಾಗಿ ಮಾಡಿಸಲು ಇಪ್ಪತ್ತು ಸಾವಿರ ಶುಲ್ಕ. ಚಾಸಿ, ಬಾಡಿ, ಎಂಜಿನ್ನು ಮೂಲದ್ದೇ ಇರಬೇಕು. ಹಳದಿ ಗುಂಡಿನ ಬಗ್ಗೆ ಅದರಲ್ಲಿ ಮಾತಿಲ್ಲ.

ಗಾಡಿ ಶುರುವಾದದ್ದು ಅವರೆಕಾಯಿ ಕಾಲದ ಒಂದು ಬೆಳಿಗ್ಗೆ. ದೊಡ್ಡಮ್ಮ ಜಗುಲಿಯ ಮೇಲೆ ಕಾಯಿ ಸುಲಿಯುತ್ತಾ ಕೂತಿದ್ದರು. ಸದ್ದು ಕೇಳಿ ಕೈ ನಿಂತಿತು. ಓಡಿಹೋಗಿ ಹೆಂಗೈತೆ ದೊಡ್ಡಮ್ಮ, ಅದೇ ಸದ್ದು ತಾನೆ, ಎಂದೆ. ತುಸು ಹೊತ್ತು ಕಿವಿಗೊಟ್ಟರು. "ಅದಕ್ಕೊಂದು ಕೆಮ್ಮಿತ್ತು ಕಣಪ್ಪ. ಇದಕ್ಕಿಲ್ಲ" ಎಂದು ಮತ್ತೆ ಕಾಯಿಗೆ ಕೈ ಹಾಕಿದರು.

ಇಷ್ಟಾಗಿ, ಹಿಂಬದಿಯ ಅಡ್ಡಪಟ್ಟಿಗೆ ಎಳೆಕೊಂಡಿ ಕೂಡಿಸಿರುವ ನಾಲ್ಕು ನಟ್ಟುಗಳನ್ನು ಬಿಚ್ಚುವ ಪ್ರಸಂಗ ಬರಲೇ ಇಲ್ಲ. ಮೊನ್ನೆ ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ, "ಇವನ್ನೂ ಒಂದ್ಸಲ ಬಿಚ್ಚಿ ಬಿಗಿದುಬಿಡ್ಲಾ?" ಎಂದರು. ನಾನು ನೋಡ್ಕೋತೀನಿ ಎಂದು ಕಳಿಸಿದೆ. ಸಂಜೆ ಗೋಣಿತಾಟು ಹಾಸಿಕೊಂಡು ಒಳಗೆ ತೂರಿ, 9/16ರ ಸ್ಪ್ಯಾನರನ್ನು ಎಡತುದಿಯ ನಟ್ಟಿಗೆ ಕೂರಿಸಿ ಮೆಲ್ಲಗೆ ಒತ್ತಿದೆ. ಆ ಕಡೆಯವರು ಬಿಡಲಿಲ್ಲ. ಸ್ಪ್ಯಾನರು ತೆಗೆದು, ಒರೆಸಿ, ಪೆಟ್ಟಿಗೆಗೆ ಹಾಕಿದೆ.