ತಪ್ಪು ಮಗುವಿನದೋ, ತಕ್ಕಡಿಯದೋ?



ಕಳೆದ ಅಮಾವಾಸ್ಯೆಗೆ ದರ್ಶನಕ್ಕೆ ಬಂದಿದ್ದ ಅಕ್ಕಲಕೋಟೆ ಕಡೆಯ ಭಕ್ತರೊಬ್ಬರು ಪ್ರಸಾದ ಮುಗಿಸಿ ಕಚೇರಿಗೆ ಬಂದರು. ಅಡತಿ ವ್ಯಾಪಾರಸ್ಥರು, ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ದುಧನಿ ಪೇಟೆಯ ತೊಗರಿ ದರದ ಮೇಲೆ ಆಕೆ ಬರೆದ ಪ್ರಾಜೆಕ್ಟಿಗೆ, “ಇದು ಕಂಪ್ಯೂಟರ್ ಬರೆದದ್ದು” ಎಂದು ಕಾಲೇಜಿನವರು ಸೊನ್ನೆ ಅಂಕ ಕೊಟ್ಟಿದ್ದಾರೆ. ನಿಜವಾಗಿ ಕಂಪ್ಯೂಟರಿನಿಂದ ಬರೆಸಿದ ಸಹಪಾಠಿಯೊಬ್ಬ ಪಾಸಾಗಿದ್ದಾನೆ. “ಅಲ್ಲರೀ ಸಾಹೇಬ್ರ, ಖರೇ ದುಡದಾಕಿಗೆ ಸೊನ್ನಿ, ಬರಸಿದಾಂವಗ ಪೂರಾ ಮಾರ್ಕು. ಇದ್ಯಾವ ತಕ್ಕಡಿರೀ?” ಎಂದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಬಂದಿತು. ಪ್ರಶ್ನೆ ಕೇಳಿದರೆ ಕ್ಷಣದಲ್ಲಿ ಪುಟಗಟ್ಟಲೆ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರವಿದು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಮನೆಯಲ್ಲಿ ಕುಳಿತು ಬರೆಯುವ ಪರೀಕ್ಷೆಗಳಿಗೆ ಯಂತ್ರ ಬರೆದ ಉತ್ತರಗಳನ್ನು ಗುಟ್ಟಾಗಿ ಸೇರಿಸಿ ನೋಡಿದರು. ನೂರಕ್ಕೆ 94 ಉತ್ತರಗಳ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅವುಗಳಿಗೆ ಸರಾಸರಿ ಅಂಕವೂ ಮಕ್ಕಳಿಗಿಂತ ಹೆಚ್ಚೇ ಬಂದಿತು. ಇದು 2024ರಲ್ಲಿ ಪ್ರಕಟವಾದ ವಿಷಯ.

ಹಾಗಾದರೆ ಕಳ್ಳನನ್ನು ಹಿಡಿಯುವ ಯಂತ್ರ ತರೋಣವೆಂದರೆ ಅಲ್ಲಿ ಇನ್ನೊಂದು ಅನ್ಯಾಯ. ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ಹೊರತಂದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ತಾವೇ ಬರೆದ 91 ಪ್ರಬಂಧಗಳನ್ನು ಇಂತಹ ಏಳು ಸಾಧನಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು “ಯಂತ್ರದ್ದು” ಎಂದು ಬಂದವು. ಕಾರಣ ಸರಳ: ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಕೆಲವೇ ಶಬ್ದಗಳಲ್ಲಿ ನೇರವಾಗಿ ಬರೆಯುತ್ತಾರೆ. ಆ ಸಾಧನಗಳಿಗೆ ಅದೇ ಯಂತ್ರದ ಗುರುತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ನಮ್ಮ ಗಡಿಭಾಗದ ಮಕ್ಕಳ ಮೇಲೂ ಇದೇ ಆಪಾದನೆ ಬರಬಹುದಲ್ಲವೇ?

ತಕ್ಕಡಿ ಕೆಟ್ಟರೆ ವ್ಯಾಪಾರಿ ಗಿರಾಕಿಯನ್ನು ಕಳ್ಳನೆನ್ನುವುದು ಧರ್ಮವಲ್ಲ. ಮೊದಲು ತಕ್ಕಡಿ ಸರಿಪಡಿಸಬೇಕು. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯ ಆ ದಾರಿ ಹಿಡಿದಿದೆ. 2025ರಿಂದ ಅಲ್ಲಿ ಪರೀಕ್ಷೆಗಳು ಎರಡು ಬಗೆ. ಒಂದು, ಎದುರಿಗೆ ಕೂರಿಸಿ ಬರೆಸುವ ಅಥವಾ ಬಾಯಿಮಾತಿನಲ್ಲಿ ಕೇಳುವ ಪರೀಕ್ಷೆ; ಅಲ್ಲಿ ಯಂತ್ರದ ನೆರವಿಲ್ಲ. ಇನ್ನೊಂದು, ಯಂತ್ರವನ್ನು ಬಳಸಿಯೇ ಮಾಡಬಹುದಾದ ಕೆಲಸ. ಇದು ನಮಗೇನೂ ಹೊಸತಲ್ಲ. ಅಂಗಡಿಯಲ್ಲಿ ಲೆಕ್ಕವನ್ನು ಟ್ಯಾಲಿಯಲ್ಲೇ ಇಡುತ್ತೇವೆ, ಆದರೂ ಜಮಾ ಯಾವುದು, ಖರ್ಚು ಯಾವುದು ಎಂದು ತಿಳಿಯದವನನ್ನು ಗಾದಿಯ ಮೇಲೆ ಕೂರಿಸುವುದಿಲ್ಲ. ಲೆಕ್ಕ ತಪಾಸಣೆಯವರೂ ಕೀರ್ದಿಯ ಅಂದ ನೋಡಿ ಸಹಿ ಹಾಕುವುದಿಲ್ಲ. ರಸೀದಿ ಕೇಳುತ್ತಾರೆ, ಬರೆದವನನ್ನು ಕರೆದು ಕೇಳುತ್ತಾರೆ.

ಇದಕ್ಕೆ ಖರ್ಚಿದೆ. ಅರವತ್ತು ಮಕ್ಕಳನ್ನು ತಲಾ ಹತ್ತು ನಿಮಿಷ ಮಾತನಾಡಿಸಿದರೆ ಗುರುಗಳಿಗೆ ಹತ್ತು ಗಂಟೆ ಬೇಕು. ಪ್ರಬಂಧದ ಕಟ್ಟು ತಿದ್ದುವುದು ಅದಕ್ಕಿಂತ ಸುಲಭವಿದ್ದೀತು. ಆದರೆ ಹತ್ತು ಗಂಟೆ ಉಳಿಸಲು ಒಬ್ಬ ನಿರಪರಾಧಿಯ ಮೇಲೆ ಕಳ್ಳತನದ ಕಳಂಕ ಹೊರಿಸಬಹುದೇ? ಏನೂ ಕಲಿಯದವನ ಕೈಗೆ ಪದವಿ ಕೊಟ್ಟು, ಅವನನ್ನು ನಂಬುವ ಲೋಕಕ್ಕೆ ಮೋಸ ಮಾಡಬಹುದೇ? ಎರಡೂ ಸಲ್ಲದು. ಮಗುವಿನ ಮುಖ ನೋಡಿ ಕೇಳುವ ಶ್ರಮವನ್ನು ಕಾಲೇಜು ಹೊರಲೇಬೇಕು.

ಆ ಭಕ್ತರಿಗೆ ನಾನು ಹೇಳಿದ್ದಿಷ್ಟೇ: “ಮಗಳು ದಿನದಿನದ ದರ ಬರೆದಿಟ್ಟ ಕಚ್ಚಾ ವಹಿ ಇದೆಯಲ್ಲ, ಅದನ್ನು ತೆಗೆದುಕೊಂಡು ಪ್ರಾಂಶುಪಾಲರ ಬಳಿ ಹೋಗಿ. ಎದುರಿಗೆ ಕೂರಿಸಿ ಏನು ಬೇಕಾದರೂ ಕೇಳಿರೆಂದು ಅರ್ಜಿ ಕೊಡಿ.” ಬಂಧುಗಳೇ, ನೀವೂ ಮನೆಯಲ್ಲಿ ಮಕ್ಕಳ ಅಂಕಪಟ್ಟಿ ನೋಡುವ ಮೊದಲು, ಬರೆದದ್ದನ್ನು ನಮ್ಮ ಮಾತಿನಲ್ಲಿ ವಿವರಿಸಲು ಹೇಳಿ. ಯಂತ್ರದಿಂದ ಬರೆಸಿದ ಮಗು ಅಲ್ಲಿ ತಡವರಿಸುತ್ತದೆ. ತಾನೇ ದುಡಿದ ಮಗುವಿಗೆ ಹೇಳುವುದು ಬಹಳ ಇರುತ್ತದೆ.



– ಕಾರ್ಯದರ್ಶಿ, ಶ್ರೀಮಠ